ತಿಮ್ಮಮ್ಮನ ಮಂದೆಗೊಂದು ಕಿವಿಗುರುತು

ನವೆಂಬರ್ 6, ಗುರುವಾರ. ಬೆಳಿಗ್ಗೆ 6.40

ಬಕೆಟ್ ಸಾಲಿನಲ್ಲಿ ನನ್ನದು ಒಂಬತ್ತನೆಯದು. ಬಿಸಿನೀರು ಏಳನೆಯದಕ್ಕೇ ಮುಗಿಯುತ್ತದೆ. ಮತ್ತೆ ನೀರು ಕಾಯುವವರೆಗೆ ಬರೆಯಲು ಟೈಮ್ ಇದೆ.

ಇವತ್ತು ಅಕೌಂಟೆನ್ಸಿ ಟೆಸ್ಟ್. ಓದಿದ್ದೇನೆ. ಆದರೂ ಅದೇ ಭಯ. ಆರನೇ ಕ್ಲಾಸಿನಿಂದ ಹಾಸ್ಟೆಲ್, ಆರನೇ ಕ್ಲಾಸಿನಿಂದ ಇದೇ ಭಯ. ಶಿಕಾರಿಪುರಕ್ಕೆ ಬಿ.ಕಾಂ.ಗೆ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಭಯವೂ ಜೊತೆಗೇ ಅಡ್ಮಿಷನ್ ಮಾಡಿಸಿಕೊಂಡಿತು.

ನಿನ್ನೆ ಅವ್ವನ ಫೋನ್. ವೆಬ್‌ಸೈಟ್ ಮಾಡಿಸಬೇಕಂತೆ. ಗೊಬ್ಬರಕ್ಕೆ!

ಬಂದಳಿಕೆ ಪಕ್ಕದ ನಮ್ಮೂರಿನಲ್ಲಿ ಅವ್ವ ಮತ್ತು ಇನ್ನು ನಾಲ್ಕು ಹೆಂಗಸರು ಸೇರಿ ಕುರಿ ಹಿಕ್ಕೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಚೀಲ ಕಟ್ಟಿ ಮಾರುತ್ತಾರೆ. ಮೂರು ವರ್ಷವಾಯಿತು. ಅಜ್ಜಿಯ ಹೆಸರೇ ಸಂಘಕ್ಕೆ — ತಿಮ್ಮಮ್ಮನ ಮಂದೆ. ಸೊರಬದಲ್ಲಿ ನರ್ಸರಿ ಇಟ್ಟಿರುವ ನೀಲಾಂಬಿಕ ಅವರು ತಿಂಗಳಿಗೆ ನಲವತ್ತು ಚೀಲ ಒಯ್ಯುತ್ತಾರೆ. ಗಿಡ ಕೊಳ್ಳಲು ಬಂದವರೆಲ್ಲ ಗೊಬ್ಬರ ಎಲ್ಲಿಯದು ಅಂತ ಕೇಳುತ್ತಾರಂತೆ. "ಒಂದು ಲಿಂಕ್ ಇದ್ರೆ ಕಳಿಸಿಬಿಡ್ತಿದ್ದೆ ಮಾರಾಯ್ತಿ, ಪ್ರತಿಯೊಬ್ಬರಿಗೂ ಎಂತ ಅಂತ ಹೇಳ್ಲಿ" ಅಂದರಂತೆ. ಅವ್ವನಿಗೆ ಅಷ್ಟು ಸಾಕು.

ಫೋನ್ ಹಿಡಿದು ಕಾರಿಡಾರಿಗೆ ಹೋಗಿ ಮಾತಾಡಿದೆ. ರೂಮ್‌ಮೇಟ್ ಸಂಗೀತ ಮಂಚದ ಮೇಲಿದ್ದಳು. ಅವಳಿಗೆ ನಾನು ಹೇಳಿರುವುದು "ನಮ್ಮದು ಅಗ್ರಿ ಇನ್‌ಪುಟ್ಸ್ ಬಿಸಿನೆಸ್" ಅಂತ. ಸುಳ್ಳಲ್ಲ. ಆದರೂ...

ಅವ್ವ ಕೇಳಿದ್ದು ಒಂದೇ. ಎಷ್ಟಾಗುತ್ತದೆ? "ನೀ ಇಂಗ್ಲಿಷ್ ಓದಿದಾಕಿ, ನಿನಗ ಗೊತ್ತಿರತೈತಿ."

ಗೊತ್ತಿಲ್ಲ ಅನ್ನಲಿಲ್ಲ. ಕೇಳಿ ಹೇಳುತ್ತೇನೆ ಎಂದೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ವೆಬ್‌ಸೈಟ್ ಪೋಸ್ಟರ್ ನೆನಪಾಯಿತು. "ಏಳೆಂಟು ಸಾವಿರ" ಅಂದುಬಿಟ್ಟೆ, ದಿನಾ ಹತ್ತು ವೆಬ್‌ಸೈಟ್ ಮಾರುವವಳ ಹಾಗೆ.

ಬಕೆಟ್ ಸರದಿ ಬಂತು.

ನವೆಂಬರ್ 8, ಶನಿವಾರ. ಮಧ್ಯಾಹ್ನ 3

ಪೋಸ್ಟರಿನ ಜಾಗಕ್ಕೆ ಹೋಗಿಬಂದೆ. ಜೆರಾಕ್ಸ್ ಅಂಗಡಿಯ ಮೇಲಿನ ರೂಮು. ನಾಗೇಶ್ ಅಂತ ಒಬ್ಬರು, ಶಿವಮೊಗ್ಗದ ಕಂಪನಿಯೊಂದರ ಏಜೆಂಟ್. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಟೀ ತರಿಸಿದರು. ಐದು ಪುಟದ ವೆಬ್‌ಸೈಟ್, ಡೊಮೇನ್ ಫ್ರೀ, ಹೋಸ್ಟಿಂಗ್ ಫ್ರೀ, 7,999. ನಾನು ತಲೆಯಾಡಿಸುತ್ತಿದ್ದೆ. ಡೊಮೇನ್ ಎಂದರೆ ಏನು, ಹೋಸ್ಟಿಂಗ್ ಎಂದರೆ ಏನು ಎಂದು ಕೇಳಬೇಕಿತ್ತು. ಕೇಳಿದರೆ ಬಿ.ಕಾಂ. ಓದುವವಳಿಗೆ ಇದೂ ಗೊತ್ತಿಲ್ಲವೇ ಅನ್ನುತ್ತಾರೆ ಎಂದು ಸುಮ್ಮನಾದೆ. ಎರಡೂ ಫ್ರೀ ಎಂದ ಮೇಲೆ ಏನಾದರೇನು.

ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿದೆ.

"ನೀ ನೋಡಿದ್ಯಾ?"

"ನೋಡಿದೆ."

"ಆತು ಹಂಗಾರ."

ಒಂದು ನಿಮಿಷದಲ್ಲಿ ಎರಡು ಸಾವಿರ ಅಡ್ವಾನ್ಸ್ ಬಂತು, ನಾಗೇಶ್ ಫೋನಿಗೆ. ಟಿಂಗ್. ಸಂಘದ ದುಡ್ಡು. ಐದು ಹೆಂಗಸರದು.

ಅವ್ವ ಅದನ್ನು ಅಡ್ವಾನ್ಸ್ ಅನ್ನುವುದಿಲ್ಲ, ಸಂಚಕಾರ ಅನ್ನುತ್ತಾಳೆ. ಕುರಿ ವ್ಯಾಪಾರದ ಮಾತು. ಸಂಚಕಾರ ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಹಿಂದೆ ಸರಿಯುವ ಪದ್ಧತಿ ಇಲ್ಲ. ಸರಿದರೆ ದುಡ್ಡೂ ಹೋಯಿತು, ಮಾತೂ ಹೋಯಿತು. ಸಂತೆಯಲ್ಲಿ ಅಪ್ಪ ಅಂಥವರನ್ನು ತೋರಿಸಿ ಹೆಸರು ಹೇಳುವುದಿಲ್ಲ, "ಅಂವ" ಅನ್ನುತ್ತಾನೆ, ಅಷ್ಟೇ.

ಖುಷಿಯಾಗಿದೆ. ಮನೆಗೆ ಏನೋ ಒಂದು ಮಾಡಿದೆ ಅಂತ. ಸಮೋಸ ತಿಂದೆ.

ನವೆಂಬರ್ 12, ಬುಧವಾರ. ಸಂಜೆ

ನಾಗೇಶ್ ಅಗ್ರಿಮೆಂಟ್ ಪಿಡಿಎಫ್ ಕಳಿಸಿ ನಾಲ್ಕು ದಿನವಾಗಿತ್ತು. ಅವತ್ತೇ, ದುಡ್ಡು ಹಾಕುವ ಮೊದಲೇ ಬಂದಿತ್ತು. ಇವತ್ತು ತೆರೆದೆ. ನಾಲ್ಕು ಪುಟ. ಪಿಯುಸಿ ಇಂಗ್ಲಿಷಿನಲ್ಲಿ ತೊಂಬತ್ತೆರಡು ತೆಗೆದವಳು ನಾನು.

ಫ್ರೀ ಎನ್ನುವುದು ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷದಿಂದ ರಿನ್ಯೂವಲ್ ಮತ್ತು ಮೇಂಟೆನೆನ್ಸ್, ವರ್ಷಕ್ಕೆ ಹನ್ನೊಂದು ಸಾವಿರ. ರೇಟು ಬದಲಾಯಿಸಬೇಕಾದರೆ, ಫೋಟೊ ಬದಲಾಯಿಸಬೇಕಾದರೆ ಪ್ರತಿಸಲಕ್ಕೂ ಐನೂರು. ಪುಟದಲ್ಲಿ ಏನು ಬರೆಯಬೇಕೋ ಅದನ್ನು ನಾವೇ ಬರೆದುಕೊಡಬೇಕು. ಇಲ್ಲದಿದ್ದರೆ ಅದಕ್ಕೆ ಬೇರೆ. ಇವೆಲ್ಲ ಹೋಗಲಿ. ಮೂರನೇ ಪುಟದಲ್ಲಿ — ಡೊಮೇನ್ ಕಂಪನಿಯ ಹೆಸರಿನಲ್ಲಿ ಇರುತ್ತದೆ.

ಎರಡು ಸಲ ಓದಿದೆ. ಸಣ್ಣ ಅಕ್ಷರ ಕೂಡ ಅಲ್ಲ. ಉಳಿದದ್ದರಷ್ಟೇ ದೊಡ್ಡದು. ಮುಚ್ಚಿಟ್ಟಿರಲಿಲ್ಲ, ನಾನೇ ನೋಡಿರಲಿಲ್ಲ.

ರಾತ್ರಿ ಊಟ ಬೇಡ.

ನವೆಂಬರ್ 13, ಗುರುವಾರ

ಕಂಪ್ಯೂಟರ್ ಅಪ್ಲಿಕೇಶನ್ಸ್ ತೆಗೆದುಕೊಳ್ಳುವ ಚೈತ್ರಶ್ರೀ ಮೇಡಂ ಹತ್ತಿರ ಹೋದೆ. ಫ್ರೆಂಡ್ ಒಬ್ಬಳ ಮನೆಯವರು ವೆಬ್‌ಸೈಟ್ ಮಾಡಿಸುತ್ತಿದ್ದಾರೆ, ಎಷ್ಟಾಗುತ್ತದೆ ಎಂದು ಕೇಳುತ್ತಿದ್ದಾರೆ ಎಂದೆ.

ಮೇಡಂ ಹೇಳಿದ್ದು ಇದು. ಎಷ್ಟಾಗುತ್ತದೆ ಎನ್ನುವುದು ಒಂದು ಪ್ರಶ್ನೆಯಲ್ಲ. ಹೆಸರಿಗೆ ಬೇರೆ, ಅದು ಡೊಮೇನ್, ವರ್ಷಕ್ಕೆ ಏಳೆಂಟುನೂರು. ಅದನ್ನು ಇಡುವ ಜಾಗಕ್ಕೆ ಬೇರೆ, ಅದು ಹೋಸ್ಟಿಂಗ್. ಕಟ್ಟುವ ಕೆಲಸಕ್ಕೆ ಬೇರೆ. ಆಮೇಲೆ ನೋಡಿಕೊಳ್ಳುವುದಕ್ಕೆ. ಎಲ್ಲರೂ ಮರೆಯುವುದು ಇನ್ನೊಂದು — ಒಳಗೆ ಬರೆಯುವ ಮಾತು, ಫೋಟೊ. ಅದಕ್ಕೆ ಯಾರೂ ಬೆಲೆ ಹಿಡಿಯುವುದಿಲ್ಲ; ಕೊನೆಗೆ ವೆಬ್‌ಸೈಟ್ ಖಾಲಿ ಅಂಗಡಿಯ ಹಾಗೆ ನಿಲ್ಲುವುದು ಅದಿಲ್ಲದೆಯೇ. ಯಾರಾದರೂ ಒಂದೇ ಅಂಕಿ ಹೇಳಿದರೆ, ಇವುಗಳಲ್ಲಿ ಯಾವುದನ್ನು ಮುಂದಕ್ಕೆ ತಳ್ಳಿದ್ದಾರೆ ಎಂದು ಕೇಳು ಎಂದರು.

ಆಮೇಲೆ, ನಿನ್ನ ಫ್ರೆಂಡ್ ಮನೆಯವರು ಏನು ಮಾರುತ್ತಾರೆ ಎಂದರು.

ಅಗ್ರಿ ಇನ್‌ಪುಟ್ಸ್ ಎಂದೆ.

ಅಂದರೆ?

"ಕುರಿ ಹಿಕ್ಕೆ ಮೇಡಂ."

ಹೇಳಿಬಿಟ್ಟೆ, ಕಾಲೇಜಿನೊಳಗೆ ನಿಂತು. ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಇದ್ದರು. ಮೇಡಂ ನಗಲಿಲ್ಲ. ತಮ್ಮ ಮನೆಯ ಗುಲಾಬಿಗೆ ಎರಡು ಚೀಲ ಬೇಕಿತ್ತು, ನಿನ್ನ ಫ್ರೆಂಡ್‌ಗೆ ಹೇಳು ಎಂದರು. "ಫ್ರೆಂಡ್" ಎನ್ನುವಾಗ ಮಾತ್ರ ಸ್ವಲ್ಪ ನಕ್ಕರು.

ನವೆಂಬರ್ 22, ಶನಿವಾರ

ಒಂಬತ್ತು ದಿನ ಬರೆದಿಲ್ಲ. ಅವ್ವನಿಗೂ ಹೇಳಿರಲಿಲ್ಲ. ದಿನಾ ಫೋನ್ ಮಾಡುವಳು, ಆತೇನ ಅನ್ನುವಳು, ಆಗ್ತಾ ಇದೆ ಅನ್ನುವೆ. ಐದು ಜನ ಹೆಂಗಸರೂ ಫೋಟೊಗೆ ಅಂತ ಸೀರೆ ಎತ್ತಿಟ್ಟುಕೊಂಡಿದ್ದಾರಂತೆ. ಅದನ್ನು ಕೇಳಿದ ಮೇಲೆ ತಡೆಯಲಾಗಲಿಲ್ಲ. ಬೆಳಿಗ್ಗೆ ಎಲ್ಲ ಹೇಳಿದೆ. ಹೆಸರು ನಮ್ಮದಾಗಿರುವುದಿಲ್ಲ, ವರ್ಷ ವರ್ಷ ಹನ್ನೊಂದು ಸಾವಿರ, ಎಲ್ಲ.

ಹಿಂದೆ ಕೇಳುತ್ತಿದ್ದ ಜರಡಿ ಸದ್ದು ನಿಂತಿತು. ನಾನು ಲೈನ್ ಕಟ್ಟಾಯಿತೋ ಎಂದುಕೊಂಡೆ. ಆಗಿದ್ದರೆ ಒಳ್ಳೆಯದಿತ್ತು.

"ನಾಳೆ ಜಡೆಗೆ ಬಾ. ನಿಮ್ಮಪ್ಪ ಅಲ್ಲೇ ಕುರಿ ಮಂದಿ ನಿಲ್ಲಿಸ್ಯಾನ. ಆ ಹುಡುಗನ್ನೂ ಬರಾಕ ಹೇಳು."

ಬೈಯಲಿಲ್ಲ. ಅದೇ ಕಷ್ಟ.

ನವೆಂಬರ್ 23, ಭಾನುವಾರ. ಬಸ್ಸಿನಲ್ಲಿ, ಸಂಜೆ 5.10

ಸೊರಬ ಬಿಟ್ಟಾಯಿತು. ಬಸ್ಸಿನ ಜೊತೆ ಅಕ್ಷರವೂ ಅಲುಗುತ್ತಿದೆ. ಬರೆಯದೆ ಇದ್ದರೆ ಮರೆಯುತ್ತೇನೆ ಎಂದಲ್ಲ. ಬರೆಯದೆ ಇರಲಾಗುತ್ತಿಲ್ಲ.

ಜಡೆಯಲ್ಲಿ ಭತ್ತ ಕೊಯ್ದ ಗದ್ದೆ. ಅಪ್ಪ ಗುತ್ಯಪ್ಪ ಮೂರು ರಾತ್ರಿಯಿಂದ ಅಲ್ಲಿ ಕುರಿ ನಿಲ್ಲಿಸಿದ್ದಾನೆ, ಹಿಕ್ಕೆ ಉಚ್ಚೆ ಗದ್ದೆಗೆ ಬೀಳಲಿ ಅಂತ ಗದ್ದೆಯವರೇ ಕರೆಸುತ್ತಾರೆ. ಅವ್ವನ ಜೊತೆ ಸಂಘದ ಮಹಾದೇವಮ್ಮ, ಉಳಿದ ಮೂವರೂ ಬಂದಿದ್ದರು. ನಾಗೇಶ್ ಬೈಕಿನಲ್ಲಿ ಬಂದರು. ಬಿಳಿ ಶೂ. ಬದುವಿನ ಮೇಲೆ ಹೆಜ್ಜೆ ಇಡಲು ಜಾಗ ಹುಡುಕುತ್ತಿದ್ದರು. ಒಂದೊಂದು ಹೆಜ್ಜೆಗೂ ನಮ್ಮ ಪ್ರಾಡಕ್ಟೇ.

ಅಪ್ಪ ಹೆಗಲಿನ ಟವೆಲ್ ತೆಗೆದು ಹುಲ್ಲಿನ ಮೇಲೆ ಹರಡಿದ. ವ್ಯಾಪಾರ ಶುರು ಎಂದರ್ಥ. ನಮ್ಮಲ್ಲಿ ರೇಟನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಇಬ್ಬರೂ ಕೈ ಇಟ್ಟು, ಬೆರಳು ಹಿಡಿದು ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಹೆಂಗಸರ ಕೈ ಆ ಟವೆಲಿನ ಕೆಳಗೆ ಹೋದದ್ದು ನಾನಂತೂ ಕಂಡಿಲ್ಲ.

ನಾಗೇಶ್ "ಥ್ಯಾಂಕ್ಸ್ ಸರ್" ಅಂದು ಟವೆಲಿನ ಮೇಲೆ ಕೂತರು.

ಅಪ್ಪನ ಕೈ ಗಾಳಿಯಲ್ಲೇ ಉಳಿಯಿತು. ಮಹಾದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಮಾತ್ರ, "ಕೂಡ್ರಲಿ ಬಿಡ್ರಿ. ಈ ವ್ಯಾಪಾರ ಬಯಲಾಗ ಆಗಲಿ, ನಮಗೂ ಕೇಳತೈತಿ" ಎಂದು ಎದುರಿಗೆ ಕೂತಳು. ಅಪ್ಪ ಕೂರುವ ಜಾಗದಲ್ಲಿ.

ಅಪ್ಪ ಒಂದೇ ಮಾತು ಕೇಳಿದ. ಹತ್ತಿರವಿದ್ದ ಟಗರಿನ ಕಿವಿ ಹಿಡಿದು ತೋರಿಸಿದ. ಬಲಗಿವಿಯ ತುದಿಯಲ್ಲಿ ಸೀಳು. ನಮ್ಮ ಗುರುತು. ಮುತ್ತಜ್ಜನ ಕಾಲದಿಂದ ಅದೇ.

"ಇದು ಯಾವ ಸಂತಿಗೆ ಹೋದ್ರೂ ಗುತ್ಯಪ್ಪನ ಕುರಿ. ನೀವು ನಮಗ ಮಾಡಿಕೊಡೋದರ ಕಿವಿ ಯಾರ್ದು?"

ನಾಗೇಶ್ ನನ್ನ ಕಡೆ ನೋಡಿದರು. ಡೊಮೇನ್ ಯಾರ ಹೆಸರಿನಲ್ಲಿ ಇರುತ್ತದೆ ಅಂತ ಕೇಳುತ್ತಿದ್ದಾರೆ ಎಂದೆ. ಎಂಟು ವರ್ಷ ಹಾಸ್ಟೆಲಿನಲ್ಲಿ ಕಲಿತದ್ದು ಮೊದಲ ಸಲ ಎರಡೂ ಕಡೆ ಉಪಯೋಗಕ್ಕೆ ಬಂತು.

ಕಂಪನಿಯದು, ಎಲ್ಲರಿಗೂ ಹಾಗೇ ಮಾಡುವುದು, ಯಾರೂ ಕೇಳುವುದಿಲ್ಲ ಎಂದರು. ಸುಳ್ಳು ಹೇಳಲಿಲ್ಲ.

"ಮೇವು ನಮ್ದು, ಕಿವಿ ನಿಮ್ದು" ಎಂದ ಅಪ್ಪ, ಟಗರನ್ನು ಬಿಟ್ಟ.

ಅವ್ವನ ಕಾನೂನು ಹೀಗಿದೆ. ಮಾರುವವನು ಕುರಿಯ ಐಬು ಮುಚ್ಚಿಟ್ಟಿದ್ದರೆ ಸಂಚಕಾರ ವಾಪಸ್ಸು. ಹೇಳಿ ಕೊಟ್ಟಿದ್ದರೆ ಇಲ್ಲ. ಅದನ್ನೇ ಹೇಳಿದಳು. ನಾಗೇಶ್ ಮೆತ್ತಗೆ, "ಪಿಡಿಎಫ್‌ನಲ್ಲಿ ಬರೆದಿತ್ತು ಅಮ್ಮ. ದುಡ್ಡು ಹಾಕೋಕೆ ಮುಂಚೆನೇ ಕಳಿಸಿದ್ದೆ" ಎಂದರು.

ಅವ್ವ ನನ್ನ ಕಡೆ ತಿರುಗಿದಳು. "ಬರದಿತ್ತೇನು?"

ಐದು ಜನ ಹೆಂಗಸರು. ಇನ್ನೂರು ಕುರಿ. ಎಲ್ಲ ನನ್ನನ್ನೇ ನೋಡಿದ ಹಾಗಾಯಿತು. ಇಲ್ಲ ಎಂದಿದ್ದರೆ ಎರಡು ಸಾವಿರ ಅಲ್ಲೇ ವಾಪಸ್ಸು ಬರುತ್ತಿತ್ತು. ನಾಗೇಶ್ ಹತ್ತಿರ ಪಿಡಿಎಫ್ ಇದ್ದರೂ ನಮ್ಮವರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

"ಬರೆದಿತ್ತು" ಎಂದೆ. "ನಾನು ಓದಿರಲಿಲ್ಲ. ನೋಡಿದೆ ಅಂದಿದ್ದು ಸುಳ್ಳು. ಪೋಸ್ಟರ್ ನೋಡಿದ್ದೆ ಅಷ್ಟೇ."

ಅವ್ವ ಒಂದು ಹುಲ್ಲುಕಡ್ಡಿ ಮುರಿದಳು.

"ಹಂಗಾರ ಇಂವ ಐಬು ಮುಚ್ಚಿಲ್ಲ. ನಾವು ಹಲ್ಲು ಹಿಡಿದು ನೋಡಿಲ್ಲ." ನಾವು ಎಂದಳು. ನೀನು ಎನ್ನಲಿಲ್ಲ. "ಎರಡು ಸಾವಿರ ನಿನ್ನ ಹತ್ರನ ಇರಲಿ ತಮ್ಮ. ಬ್ಯಾರೆ ಕುರಿ ತೋರ್ಸು."

ಆಮೇಲೆ ನಡೆದದ್ದು ಪೂರ್ತಿ ಬಯಲಿನಲ್ಲಿ, ಎಲ್ಲರ ಕಿವಿಗೆ ಬೀಳುವ ಹಾಗೆ. ಚೈತ್ರಶ್ರೀ ಮೇಡಂ ಹೇಳಿದ್ದನ್ನು ಒಂದೊಂದಾಗಿ ನಾನು ಕೇಳಿದೆ, ಒಂದೊಂದಕ್ಕೂ ನಾಗೇಶ್ ಫೋನಿನಲ್ಲಿ ಲೆಕ್ಕ ತೆಗೆದರು. ಡೊಮೇನ್ ಅವ್ವನ, ಅಂದರೆ ನಿಂಗಮ್ಮನ ಹೆಸರಿನಲ್ಲಿ, ಅವಳ ಫೋನ್ ನಂಬರಿಗೇ — ವರ್ಷಕ್ಕೆ ಎಂಟುನೂರು. ಜಾಗ, ವರ್ಷಕ್ಕೆ ಮೂರು ಸಾವಿರದ ಆರುನೂರು. ಕಟ್ಟುವುದಕ್ಕೆ ಹತ್ತು ಸಾವಿರ, ರೇಟು ನಾವೇ ಬದಲಾಯಿಸುವ ಹಾಗೆ ಕಲಿಸಿಕೊಡುವುದೂ ಸೇರಿ. ಬರವಣಿಗೆ, ಐದು ಪುಟ, ಪುಟಕ್ಕೆ ಎಂಟುನೂರರಂತೆ ನಾಲ್ಕು ಸಾವಿರ. ಒಟ್ಟು ಹದಿನೆಂಟು ಸಾವಿರದ ನಾನೂರು.

ಮಹಾದೇವಮ್ಮ ಕೆಮ್ಮಿದಳು. ಎಂಟು ಸಾವಿರದ್ದು ಬಿಟ್ಟು ಹದಿನೆಂಟು ಸಾವಿರದ್ದಾ ಎಂದಳು.

ಅವ್ವ ಬೆರಳು ಮಡಚಿದಳು. ಟವೆಲ್ ಇಲ್ಲದೆ. ಐದು ವರ್ಷಕ್ಕೆ ಮೊದಲಿನದು ಐವತ್ತೆರಡು ಸಾವಿರ, ಇದು ಮೂವತ್ತಾರು. ನಾನು ಕ್ಯಾಲ್ಕುಲೇಟರ್‌ನಲ್ಲಿ ನೋಡಿದೆ. ಸರಿ ಇತ್ತು. ಮೊದಲಿನದರಲ್ಲಿ ಒಂದು ರೂಪಾಯಿಯ ಹೆಚ್ಚು ಕಡಿಮೆ, ಅಷ್ಟೇ.

ಆಗ ಅಪ್ಪ ಎಂದ, ಬರೆಯುವ ಸಾಲು ತೆಗೆದುಬಿಡಿ. ನಾಲ್ಕು ಸಾವಿರ ಉಳಿಯಿತಲ್ಲ. ಮನೆಯ ಹುಡುಗಿಯೇ ಬರೆಯುತ್ತಾಳೆ.

ನಾನು ಹೂಂ ಅನ್ನುವವಳಿದ್ದೆ. ನನ್ನ ತಪ್ಪಿಗೆ ಅದಾದರೂ...

"ತೆಗೀಬ್ಯಾಡ್ರಿ" ಎಂದಳು ಅವ್ವ. "ಮನಿ ಹುಡುಗಿ ಅಂದ್ರ ಕೂಲಿ ಇಲ್ಲೇನು? ನಾನೂ ಮನಿಯಾಕಿನ. ಇಪ್ಪತ್ತೆರಡು ವರ್ಷ ನಿಮ್ಮ ಕುರಿ ಹಿಕ್ಕಿ ಬಳಿದೆ. ಅದು ಯಾವ ಸಾಲಿನಾಗ ಐತಿ?"

ಅಪ್ಪ ಟಗರಿನ ಕಡೆ ನೋಡಿದ. ಟಗರು ಎಲ್ಲೋ ನೋಡಿತು.

"ಸಾಲು ಹಂಗ ಇರಲಿ. ಅದರ ಮುಂದ ಸುಮಾ ಅಂತ ಬರಿ ತಮ್ಮ. ಪುಟಕ್ಕ ಎಂಟುನೂರು. ನೆಟ್ಟಗ ಬರೀಲಿಲ್ಲ ಅಂದ್ರ ಕೊಡಂಗಿಲ್ಲ."

ನಾಗೇಶ್ ಬರೆದರು. ಎದ್ದು ಹೊರಡುವಾಗ ಟವೆಲ್ ಕೊಡವಿ ಅಪ್ಪನಿಗೆ ಕೊಟ್ಟರು, ಮಡಚಿ. ನನ್ನ ಹತ್ತಿರ ಬಂದು, ನಿಮ್ಮ ತಾಯಿ ಬಿಸಿನೆಸ್ ಎಲ್ಲಿ ಓದಿದ್ದು ಎಂದರು. ತಮಾಷೆಗಲ್ಲ.

ಇಲ್ಲೇ, ಎಂದೆ.

ಶಿರಾಳಕೊಪ್ಪ ಬಂತು.

ಡಿಸೆಂಬರ್ 5, ಶುಕ್ರವಾರ

ಮೊದಲ ಪುಟ ಬರೆದೆ. ಪ್ರೀಮಿಯಂ, ಇಕೋ ಫ್ರೆಂಡ್ಲಿ, ನ್ಯಾಚುರಲ್ ಸೊಲ್ಯೂಷನ್ಸ್. ಕನ್ನಡದಲ್ಲೂ ಅದೇ ಧಾಟಿ. ಫೋನಿನಲ್ಲಿ ಅವ್ವನಿಗೆ ಓದಿದೆ. ಸ್ಪೀಕರ್ ಹಾಕಿದ್ದಳು ಅಂತ ಕಾಣುತ್ತದೆ. ಹಿಂದಿನಿಂದ ತಿಮ್ಮಮ್ಮಜ್ಜಿಯ ಧ್ವನಿ.

"ಇದು ಯಾರ ಕುರಿ ಮಂದಿ ಬಗ್ಗೆ ಹೇಳ್ತೈತಿ ಕೂಸು?"

ಎಂಟುನೂರು ಹೋಯಿತು.

ಡಿಸೆಂಬರ್ 14, ಭಾನುವಾರ. ಊರಿನಲ್ಲಿ

ಎರಡು ದಿನ ಕೇಳುವುದೇ ಕೆಲಸ. ಹೇಗೆ ಒಣಗಿಸುತ್ತೀರಿ, ಎಷ್ಟು ದಿನ, ಏಕೆ. ಅಜ್ಜಿ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ತಂದಳು. ಹದ ಬಂದದ್ದಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ, ಬಾರದ್ದಕ್ಕೆ ಕುರಿಯ ವಾಸನೆ. ಹಸಿಯದನ್ನು ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಗುಲಾಬಿಗೆ ಎರಡು ಹಿಡಿ, ಬುಡದಿಂದ ಗೇಣು ದೂರ. ಮಲ್ಲಿಗೆಗೆ ಒಂದೇ. ಇದೆಲ್ಲ ಅವಳ ತಲೆಯಲ್ಲಿ, ಎಪ್ಪತ್ತು ವರ್ಷದಿಂದ. ನಾನು ಒಮ್ಮೆಯೂ ಕೇಳಿರಲಿಲ್ಲ. ರಜೆಗೆ ಬಂದರೆ ಮೂಗು ಮುಚ್ಚಿಕೊಂಡು ಒಳಗೆ ಹೋಗುವವಳು.

ಹಾಗೇ ಬರೆದೆ. ಅವಳು ಹೇಳಿದ ಹಾಗೇ. ಇಂಗ್ಲಿಷ್ ಪುಟ ಕಷ್ಟವಾಯಿತು. ಹದ ಎನ್ನುವುದಕ್ಕೆ ಮಾತು ಸಿಗಲಿಲ್ಲ. ಹದ ಎಂದೇ ಬಿಟ್ಟು ಮುಂದೆ ವಿವರಿಸಿದೆ.

ನಾಲ್ಕು ಪುಟ ಪಾಸು. ಮೂರು ಸಾವಿರದ ಇನ್ನೂರು. ಅವ್ವ ರಸೀದಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೇ ಕೊಟ್ಟಳು, ಹೆಬ್ಬೆಟ್ಟಿಗೆ ಮಸಿಯೂ ಇದೆ ಬೇಕಾದರೆ ಎಂದು ಮಹಾದೇವಮ್ಮ ಅಣಕಿಸಿದಳು.

ನಾಲ್ಕು ದಿನದಿಂದ ಆ ಭಯ ಇಲ್ಲ. ಈಗ ಗಮನಿಸಿದೆ.

ಡಿಸೆಂಬರ್ 17, ಬುಧವಾರ. ರೂಮು

ಸಂಗೀತಳಿಗೆ ಟೆಸ್ಟ್ ಲಿಂಕ್ ತೋರಿಸಿದೆ. ಮೊದಲ ಫೋಟೊದಲ್ಲೇ ಐದು ಜನ, ಒಳ್ಳೆಯ ಸೀರೆ, ಕೈಯಲ್ಲಿ ಜರಡಿ, ಮುಂದೆ ಹಿಕ್ಕೆ ರಾಶಿ. ಅವಳು ಬಹಳ ಹೊತ್ತು ನೋಡಿದಳು. ನಾನು ಬಕೆಟ್ ಜೋಡಿಸುವ ನೆಪ ಮಾಡಿದೆ.

ನಡುವೆ ಕೂತವರು ಯಾರು ಎಂದಳು.

ನಮ್ಮವ್ವ ಎಂದೆ. ಓನರ್.

ನಿಮ್ಮವ್ವನ ಹಾಗೇ ಕೂರುತ್ತೀ ನೀನೂ ಎಂದಳು. ಆಮೇಲೆ ಕ್ಲಾಸ್ ಗ್ರೂಪಿಗೆ ಹಾಕಲಾ ಎಂದು ಕೇಳಿದಳು. ಐದನೇ ಪುಟ ಆಗಲಿ ಎಂದೆ. ನಾನೇ ಹಾಕುತ್ತೇನೆ.

ಡಿಸೆಂಬರ್ 21, ಭಾನುವಾರ. ಬೆಳಿಗ್ಗೆ 7

ನಾಗೇಶ್ ಮೆಸೇಜ್: ಹತ್ತು ಗಂಟೆಗೆ ಲೈವ್. "ನಮ್ಮ ಬಗ್ಗೆ" ಪುಟ ಒಂದೇ ಬಾಕಿ. ನೀಲಾಂಬಿಕ ಅವರೂ ಸೊರಬದಿಂದ ಎರಡು ಸಲ ಕೇಳಿದರು. ಏಳು ಸಲ ಹೊಡೆದುಹಾಕಿದ್ದೇನೆ. "ನಾವು" ಎಂದು ಶುರು ಮಾಡಿದರೆ ಕಂಪನಿಯ ಹಾಗೆ ಕೇಳುತ್ತದೆ. ಇಲ್ಲಿ ಬರೆದು ನೋಡುತ್ತೇನೆ, ಯಾರೂ ಓದುವುದಿಲ್ಲವಲ್ಲ.

ತಿಮ್ಮಮ್ಮನ ಮಂದೆಯ ಒಡತಿ ನಿಂಗಮ್ಮ. ಜೊತೆಗೆ ನಾಲ್ವರು. ಈ ಪುಟ ಬರೆದವಳು ನಿಂಗಮ್ಮನ ಮಗಳು ಸುಮಾ. ಬರೆದದ್ದಕ್ಕೆ ಎಂಟುನೂರು ರೂಪಾಯಿ ಪಡೆದಿದ್ದಾಳೆ. ಗೊಬ್ಬರ ಎಲ್ಲಿಯದು ಎಂದು ಕೇಳುವವರಿಗೆ: ನಮ್ಮ ಕುರಿ ಎಲ್ಲೇ ಕಂಡರೂ ಬಲಗಿವಿ ನೋಡಿ. ತುದಿಯಲ್ಲಿ ಒಂದು ಸೀಳು ಇರುತ್ತದೆ. ಅದು

ಅವ್ವನ ಫೋನ್. ಕಾರಿಡಾರಿಗೆ ಹೋಗುವುದಿಲ್ಲ, ಸಂಗೀತಳ ಮುಂದೆ ಇಲ್ಲೇ ಮಾತಾಡುತ್ತೇನೆ.